ಬೇಸಿಗೆಯಲ್ಲಿ ಇಂಬಳ ಎಲ್ಲಿಗೆ ಹೋಗುತ್ತದೆ?

ಹಾಳೆಟೋಪಿ (ತೀರ್ಥಹಳ್ಳಿ) – ಏಪ್ರಿಲ್ 21, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ನಾಲ್ಕು ದಿನದಿಂದ ತಲೆಯಲ್ಲೇ ಕೂತಿದೆ.

ಡಿಸೆಂಬರ್ ಕೊನೆಯಿಂದ ನಮ್ಮ ತೋಟದಲ್ಲಿ ಒಂದೇ ಒಂದು ಇಂಬಳ (ಕಾಲಿಗೆ ಹತ್ತಿ ರಕ್ತ ಕುಡಿಯುವ ನೆಲದ ಹುಳ) ಕಂಡಿರಲಿಲ್ಲ. ಮಾರ್ಚ್ ಹೊತ್ತಿಗೆ ಮೇಲಿನ ಬೆಟ್ಟದಲ್ಲಿ ದರಗು (ಉದುರಿದ ಒಣ ಎಲೆ) ತುಳಿದರೆ ಹಪ್ಪಳ ಮುರಿದ ಹಾಗೆ ಸದ್ದು ಬರುತ್ತಿತ್ತು. ಹೋದ ವಾರ ಮೂರು ದಿನ ಸಂಜೆ ಗುಡುಗು ಮಳೆ ಬಂತು. ನಾಲ್ಕನೇ ದಿನ ಬೆಳಿಗ್ಗೆ ಬಿದ್ದ ಸೋಗೆ ಎಳೆದು ಹಾಕಲು ತೋಟಕ್ಕೆ ಹೋಗಿದ್ದೆ. ಮನೆಗೆ ಬಂದು ಕಾಲು ತೊಳೆಯುವಾಗ ನೋಡಿದರೆ ಏಳು ಇಂಬಳ! ದಾರದಷ್ಟು ಸಪೂರ, ನೋಡಿದರೇ ಗೊತ್ತಾಗುವಷ್ಟು ಹಸಿದಿದ್ದವು.

ಮಗಳು ಎರಡನೇ ಕ್ಲಾಸು. "ಅಪ್ಪಯ್ಯ, ಇವು ಮಳೆ ಜೊತೆ ಮೇಲಿಂದ ಬಿದ್ದವಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಇಂಬಳ ಬೇಸಿಗೆಯಲ್ಲಿ ಒಣಗಿ ನೂಲಿನ ಹಾಗೆ ಆಗುತ್ತದೆ, ಸತ್ತೇ ಹೋಗಿರುತ್ತದೆ, ಮಳೆ ಹನಿ ಬಿದ್ದರೆ ಮತ್ತೆ ಜೀವ ಬರುತ್ತದೆ ಅಂತ ನನ್ನಜ್ಜ ಹೇಳುತ್ತಿದ್ದರು. ಇದು ನಿಜವಾ? ನಾಲ್ಕು ತಿಂಗಳು ಅದು ಏನು ತಿಂದು ಬದುಕುತ್ತದೆ? ಕಣ್ಣಾರೆ ನೋಡಿದವರು, ಓದಿಕೊಂಡವರು ದಯವಿಟ್ಟು ಹೇಳಿ.

ಪುಟ್ಟಹಕ್ಕಿ – 8:02

ಏಳೇನಾ? ನಮ್ಮಲ್ಲಿ ಜುಲೈಯಲ್ಲಿ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇವೆ.

ಸೊಪ್ಪಿನಬೆಟ್ಟ (ಹೊಸನಗರ) – 8:30

ಸತ್ತು ಬದುಕುವುದೆಲ್ಲ ಇಲ್ಲ ತಮ್ಮ. ಅವು ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ತೋಟದಲ್ಲೇ, ನೀವು ನಡೆದಾಡುವ ಜಾಗದ ಕೆಳಗೇ ಇರುತ್ತವೆ.

ನಲವತ್ತು ವರ್ಷದಿಂದ ತೋಟ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಕಪ್ಪು (ತೋಟದ ನೀರು ಬಸಿದು ಹೋಗುವ ಕಾಲುವೆ) ತೆಗೆಸುವಾಗ ಎರಡು ಮೂರು ಸಲ ಕಂಡಿದ್ದೇನೆ. ಮೇಲ್ಮಣ್ಣು ಒಣಗಿರುತ್ತದೆ. ಹಾರೆ ಸ್ವಲ್ಪ ಆಳಕ್ಕೆ ಹೋದಾಗ, ಅಡಿಕೆ ಬೇರಿನ ಸಂದಿಯಲ್ಲೋ ಕಲ್ಲಿನ ಅಡಿಯಲ್ಲೋ ತಂಪು ಇರುವ ಕಡೆ ಮುದುಡಿಕೊಂಡು ಬಿದ್ದಿರುತ್ತದೆ. ಮೊದಲ ನೋಟಕ್ಕೆ ಬೇರಿನ ತುಂಡು ಅಂದುಕೊಳ್ಳಬೇಕು, ಹಾಗಿರುತ್ತದೆ. ಅಂಗೈ ಮೇಲೆ ಇಟ್ಟುಕೊಂಡು ಉಸಿರು ಊದಿದರೆ ನಿಧಾನ ತಲೆ ಎತ್ತುತ್ತದೆ. ನಿಮ್ಮಜ್ಜ ನೋಡಿದ್ದು ಅದನ್ನೇ ಇರಬೇಕು. ಅವರು ನೋಡಿದ್ದು ಸರಿ, ಅದಕ್ಕೆ ಕೊಟ್ಟ ಕಾರಣ ಮಾತ್ರ ಬೇರೆ.

ಗುಡ್ಡೆಮನೆ (ಶಿರಸಿ) – 9:15

ಮೊದಲು ಹೆಸರು ಸರಿ ಮಾಡಿಕೊಳ್ಳಿ. ಅದು ಉಂಬಳ. ರಕ್ತ ಉಣ್ಣುತ್ತದೆ, ಅದಕ್ಕೇ ಉಂಬಳ ಇರಬೇಕು.

ಹಾಳೆಟೋಪಿ (ತೀರ್ಥಹಳ್ಳಿ) – 9:22

ನಿಮ್ಮಲ್ಲಿ ಉಂಬಳ, ನಮ್ಮಲ್ಲಿ ಇಂಬಳ. ಕಚ್ಚುವುದು ಒಂದೇ ಥರ ಅಲ್ವಾ!

ಕೆರೆಏರಿ (ಶಿಕಾರಿಪುರ) – 9:40

ನಾವು ಜಿಗಣೆ ಅನ್ನುತ್ತೇವೆ. ಕೆರೆಗೆ ಎಮ್ಮೆ ಹೊಡೆದುಕೊಂಡು ಹೋದಾಗ ಅದರ ಕೆಚ್ಚಲಿಗೆ ಹಿಡಿದುಕೊಂಡಿರುತ್ತದಲ್ಲ, ಅದು.

ಶರಾವತಿ ತೀರ (ಸಾಗರ) – 10:50

ಇಲ್ಲಿ ಒಂದು ಸಣ್ಣ ತಿದ್ದುಪಡಿ. ನಮ್ಮ ಹಿರಿಯರು ಎರಡು ಹೆಸರು ಇಟ್ಟಿದ್ದು ಸುಮ್ನೆ ಅಲ್ಲ. ಕೆರೆ, ಗದ್ದೆ ನೀರಿನಲ್ಲಿ ಈಜುವುದು ಜಿಗಣೆ. ನೆಲದ ಮೇಲೆ ನಡೆಯುವುದು ಇಂಬಳ ಅಥವಾ ಉಂಬಳ. ಎರಡೂ ದೂರದ ನೆಂಟರು, ಆದರೆ ಬೇರೆ ಬೇರೆ ಕುಟುಂಬ. ನಮ್ಮ ಕಾಡಿನ ಇಂಬಳಗಳು ಹೀಮಾಡಿಪ್ಸಾ ಎಂಬ ಗುಂಪಿಗೆ ಸೇರುತ್ತವೆ. ಎರಡೂ ಎರೆಹುಳುವಿನ ವಂಶದವು. ಮೈ ಮೇಲಿನ ಉಂಗುರ ನೋಡಿದರೆ ಗೊತ್ತಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಇದೇ ಪ್ರಶ್ನೆ ಕೇಳುತ್ತಾನೆ. ಇಂಬಳಕ್ಕೆ ಮೂಗಿಲ್ಲ, ಶ್ವಾಸಕೋಶವೂ ಇಲ್ಲ. ಉಸಿರಾಟ ಪೂರ್ತಿ ಚರ್ಮದಲ್ಲಿ. ಚರ್ಮ ಒದ್ದೆ ಇದ್ದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಚರ್ಮ ಒಣಗಿತೋ, ಉಸಿರು ನಿಂತ ಹಾಗೆ. ಹಾಗಾಗಿ ಮಳೆಗಾಲ ಮುಗಿದು ನೆಲ ಒಣಗುತ್ತಾ ಬಂದ ಹಾಗೆ ಅದು ತೇವ ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ಕಲ್ಲಿನ ಅಡಿ, ಕೊಳೆತ ಮರದ ಒಳಗೆ, ಮಣ್ಣಿನ ಬಿರುಕಿನಲ್ಲಿ ಸೇರಿ ಮೈ ಮುದುಡಿಕೊಂಡು ಮಲಗುತ್ತದೆ. ಹೊರಗೆ ಓಡಾಡುವುದಿಲ್ಲ, ಶಕ್ತಿ ಖರ್ಚು ಮಾಡುವುದಿಲ್ಲ. ಹಿಮದ ದೇಶದಲ್ಲಿ ಕರಡಿ ಚಳಿಗಾಲ ಮಲಗಿ ಕಳೆಯುವ ಹಾಗೆ ಇದು ಬೇಸಿಗೆಯನ್ನು ಮಲಗಿ ಕಳೆಯುತ್ತದೆ. ಮಳೆ ನೀರು ಇಳಿದು ಮಣ್ಣು ನೆನೆದರೆ ಸಾಕು, ಮೇಲೆ ಬಂದುಬಿಡುತ್ತದೆ.

ನಿಮ್ಮ ಮಗಳಿಗೆ ಹೇಳಿ, ಮೇಲಿಂದ ಬಿದ್ದಿದ್ದಲ್ಲ, ಕೆಳಗಿಂದ ಎದ್ದಿದ್ದು.

ಹಾಳೆಟೋಪಿ (ತೀರ್ಥಹಳ್ಳಿ) – 11:05

ಟೀಚರ್, ತುಂಬ ಥ್ಯಾಂಕ್ಸ್. ಆದರೆ ಊಟ? ಅಷ್ಟು ತಿಂಗಳು ಹೊಟ್ಟೆಗೆ ಏನು?

ಮುಜಂಟಿ (ಶಿವಮೊಗ್ಗ) – 11:48

ಊಟದ ವಿಷಯ ನಾನು ಹೇಳುತ್ತೇನೆ. ಎಂಎಸ್ಸಿ ಪ್ರಾಣಿಶಾಸ್ತ್ರ ಮಾಡುತ್ತಿದ್ದೇನೆ, ಇಂಬಳ ಅಂದರೆ ನನಗೆ ತುಂಬ ಇಷ್ಟ.

ಅದರ ಮೈಯೊಳಗೆ ಜಾಸ್ತಿ ಜಾಗ ಇರುವುದು ಒಂದೇ ಅಂಗಕ್ಕೆ: ರಕ್ತ ತುಂಬಿಡುವ ಚೀಲ. ಎರಡೂ ಪಕ್ಕಕ್ಕೆ ಜೋಡಿ ಜೋಡಿಯಾಗಿ ಜೇಬುಗಳು ಇರುತ್ತವೆ. ಒಮ್ಮೆ ಸರಿಯಾಗಿ ಸಿಕ್ಕಿತು ಅಂದರೆ ತನ್ನ ತೂಕದ ಹಲವು ಪಟ್ಟು ಕುಡಿಯುತ್ತದೆ. ಕುಡಿದ ತಕ್ಷಣ ರಕ್ತದಲ್ಲಿನ ನೀರನ್ನು ಹೊರಗೆ ಹಾಕಿ ಗಟ್ಟಿ ಭಾಗ ಮಾತ್ರ ಉಳಿಸಿಕೊಳ್ಳುತ್ತದೆ. ಆಮೇಲೆ ಅದನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಕರಗಿಸಿಕೊಳ್ಳುತ್ತದೆ. ವೈದ್ಯರು ಬಳಸುವ ನೀರಿನ ಜಿಗಣೆಯಂತೂ ಒಂದು ಊಟದ ಮೇಲೆ ಆರು ತಿಂಗಳಿಗೂ ಹೆಚ್ಚು ಇರಬಲ್ಲದು. ನಾವು ಕಣಜದಲ್ಲಿ ಭತ್ತ ತುಂಬಿಟ್ಟ ಹಾಗೆ.

ಅಷ್ಟು ದಿನ ರಕ್ತ ಯಾಕೆ ಕೊಳೆಯುವುದಿಲ್ಲ ಅನ್ನುವುದೂ ಸೋಜಿಗದ ಪ್ರಶ್ನೆ. ಜಿಗಣೆಯ ಹೊಟ್ಟೆಯಲ್ಲಿ ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. ಅದು ಬೇರೆ ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ, ಜೀರ್ಣಕ್ಕೂ ಸಹಾಯ ಮಾಡುತ್ತದೆ.

ಬಸ್ಸಿನ ಕಿಟಕಿ (ಬೆಂಗಳೂರು) – ಮಧ್ಯಾಹ್ನ 1:10

ಇದಕ್ಕೆ 32 ಮೆದುಳು ಇದೆಯಂತೆ, ನಿಜವಾ? ಒಂದು ವಿಡಿಯೋದಲ್ಲಿ ನೋಡಿದೆ.

ಮುಜಂಟಿ (ಶಿವಮೊಗ್ಗ) – 1:25

ಇಲ್ಲ ಸಾರ್. ಅದನ್ನು ಎಲ್ಲ ಕಡೆ ಹಂಚುತ್ತಿದ್ದಾರೆ, ತಪ್ಪು. ಇಂಬಳದ ಹೊಟ್ಟೆಯ ಪಕ್ಕದಲ್ಲಿ ಉದ್ದಕ್ಕೂ ಒಂದು ನರದ ಹುರಿ ಹೋಗುತ್ತದೆ. ಮೈಯ ಪ್ರತಿ ಖಂಡಕ್ಕೆ ಒಂದರಂತೆ ಅದರಲ್ಲಿ ನರದ ಗಂಟುಗಳು ಇವೆ. ಆ ಗಂಟುಗಳನ್ನು ಎಣಿಸಿ ಮೆದುಳು ಅಂದುಬಿಟ್ಟಿದ್ದಾರೆ. ಮಲ್ಲಿಗೆ ದಂಡೆಯ ಒಂದೊಂದು ಹೂವನ್ನೂ ಒಂದೊಂದು ದಂಡೆ ಅಂದ ಹಾಗಾಯಿತು. ಆದರೆ ಪ್ರತಿ ಗಂಟೂ ತನ್ನ ಖಂಡದ ಕೆಲಸವನ್ನು ಬಹಳ ಮಟ್ಟಿಗೆ ತಾನೇ ನೋಡಿಕೊಳ್ಳುತ್ತದೆ ಅನ್ನುವುದು ನಿಜ. ಅದಕ್ಕೇ ನರವಿಜ್ಞಾನಿಗಳು ಜಿಗಣೆ ಇಟ್ಟುಕೊಂಡು ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿದ್ದಾರೆ.

ಕಣ್ಣು ಮಾತ್ರ ಹತ್ತು ಇವೆ, ಐದು ಜೋಡಿ. ತಲೆ ಕಡೆ ಕಮಾನಿನ ಹಾಗೆ ಸಾಲಾಗಿ. ನಮ್ಮ ಹಾಗೆ ಚಿತ್ರ ಕಾಣಿಸುವುದಿಲ್ಲ, ಬೆಳಕು ನೆರಳು ತಿಳಿಯುತ್ತದೆ ಅಷ್ಟೆ. ನೀವು ಹತ್ತಿರ ಹೋದಾಗ ಎಲೆ ತುದಿಯಲ್ಲಿ ನಿಂತು ಆ ಕಡೆ ಈ ಕಡೆ ತೂಗುತ್ತದಲ್ಲ, ಆಗ ಅದು ನಿಮ್ಮ ನೆರಳು, ಕಾಲಿನ ಅದುರು, ಮೈ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡು ಎಲ್ಲವನ್ನೂ ಹುಡುಕುತ್ತಿರುತ್ತದೆ.

ಕಂಬಳಿಕೊಪ್ಪೆ (ಆಗುಂಬೆ) – 2:40

ಇಷ್ಟೆಲ್ಲ ಹೇಳಿದಿರಿ, ಮುಖ್ಯ ವಿಷಯ ಬಿಟ್ಟಿರಿ. ಇಂಬಳ ಮರದಿಂದ ಹಾರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕುತ್ತಿಗೆ ಮೇಲೆ, ಕಿವಿ ಹಿಂದೆ ಸಿಗುತ್ತದೆ. ನೆಲದಿಂದ ಬಂದಿದ್ದರೆ ಕಾಲಿಗೇ ಕಚ್ಚಬೇಕಿತ್ತಲ್ಲ?

ಶರಾವತಿ ತೀರ (ಸಾಗರ) – 3:05

ಹಾರುವುದಿಲ್ಲ. ಪ್ಯಾಂಟು, ಅಂಗಿ ಮೇಲೆ ಹತ್ತಿಕೊಂಡು ಹೋಗುತ್ತದೆ. ಬರಿ ಚರ್ಮ ಸಿಗುವ ತನಕ ಹತ್ತುತ್ತಲೇ ಇರುತ್ತದೆ. ಚರ್ಮ ಸಿಗುವ ಮೊದಲ ಜಾಗ ಕಾಲರ್ ಹತ್ತಿರ, ಅದಕ್ಕೇ ಕುತ್ತಿಗೆ. ಇಲ್ಲವೆಂದರೆ ನೀವು ಬಗ್ಗಿ ಪೊದೆ ದಾಟುವಾಗ ಎಲೆಯಿಂದ ಹಿಡಿದುಕೊಂಡಿರುತ್ತದೆ.

ಕಂಬಳಿಕೊಪ್ಪೆ (ಆಗುಂಬೆ) – 3:20

ಟೀಚರ್, ನಾನು ಹುಟ್ಟಿ ಬೆಳೆದಿದ್ದು ಈ ಕಾಡಿನಲ್ಲಿ. ನನ್ನ ಕಣ್ಣೆದುರೇ ಜಿಗಿದಿದೆ.

ಮುಜಂಟಿ (ಶಿವಮೊಗ್ಗ) – 3:58

ಇಬ್ಬರೂ ಸ್ವಲ್ಪ ತಾಳಿ. ಈ ಜಗಳ ನೂರಾರು ವರ್ಷ ಹಳೆಯದು. 14ನೇ ಶತಮಾನದಲ್ಲಿ ಇಬ್ನ್ ಬತೂತ ಎಂಬ ಪ್ರವಾಸಿ ಸಿಂಹಳಕ್ಕೆ ಹೋಗಿದ್ದಾಗ, ಅಲ್ಲಿ ಗಿಡದ ಮೇಲಿನ ಜಿಗಣೆಗಳು ಮನುಷ್ಯರ ಮೇಲೆ ಜಿಗಿಯುತ್ತವೆ ಎಂದು ಬರೆದಿದ್ದಾನೆ. ವಿಜ್ಞಾನಿಗಳು ಬಹಳ ಕಾಲ ಇದನ್ನು ನಂಬಿರಲಿಲ್ಲ, ಟೀಚರ್ ಹೇಳಿದ ಕಾರಣವನ್ನೇ ಕೊಡುತ್ತಿದ್ದರು. 2024ರಲ್ಲಿ ಮೈ ಫಹ್ಮಿ ಮತ್ತು ಮೈಕಲ್ ಟೆಸ್ಲರ್ ಎಂಬ ಸಂಶೋಧಕರು ಮಡಗಾಸ್ಕರ್ ಕಾಡಿನ ವಿಡಿಯೋ ಪ್ರಕಟಿಸಿದರು. ಎಲೆ ಮೇಲೆ ಕೂತ ಇಂಬಳ ಮೈಯನ್ನು ಹಿಂದಕ್ಕೆ ಬಾಗಿಸಿ, ಬಿಲ್ಲು ಬಿಟ್ಟ ಹಾಗೆ ಎಲೆಯಿಂದ ಹಾರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅದು ಕ್ಟೋನೋಬ್ಡೆಲ್ಲಾ ಎಂಬ ಬೇರೆ ಗುಂಪು, ನಮ್ಮ ಹೀಮಾಡಿಪ್ಸಾ ಅಲ್ಲ. ಹಾಗಾಗಿ ನಮ್ಮದೂ ಹಾರುತ್ತದೆ ಎಂದು ಇದರಿಂದ ಹೇಳಲು ಆಗುವುದಿಲ್ಲ. ಆದರೆ ಇಂಬಳದ ಜಾತಿಯೇ ಹಾರುವುದಿಲ್ಲ ಎಂದು ಖಡಾಖಂಡಿತ ಹೇಳುವ ಕಾಲವೂ ಮುಗಿಯಿತು. ಕೊಪ್ಪೆಯಣ್ಣ, ಈ ಮಳೆಗಾಲ ಮೊಬೈಲ್ ಸಿದ್ಧ ಇಟ್ಟುಕೊಳ್ಳಿ. ಒಂದು ವಿಡಿಯೋ ಸಿಕ್ಕರೆ ಅದು ದೊಡ್ಡ ಕೆಲಸ ಆಗುತ್ತದೆ.

ಶರಾವತಿ ತೀರ (ಸಾಗರ) – 4:15

ಇದು ನನಗೆ ಗೊತ್ತಿರಲಿಲ್ಲ. ಕಂಬಳಿಕೊಪ್ಪೆಯವರೇ, ಅಷ್ಟು ಗಟ್ಟಿಯಾಗಿ ಇಲ್ಲ ಅನ್ನಬಾರದಿತ್ತು. ನಾಳೆ ಮಕ್ಕಳಿಗೂ ಹೇಳುತ್ತೇನೆ.

ಕಂಬಳಿಕೊಪ್ಪೆ (ಆಗುಂಬೆ) – 4:18

ಇರಲಿ ಬಿಡಿ ಟೀಚರ್. ಮೊಬೈಲಿಗೆ ಪ್ಲಾಸ್ಟಿಕ್ ಕವರ್ ತಂದಿಟ್ಟಿದ್ದೇನೆ.

ಬಸ್ಸಿನ ಕಿಟಕಿ (ಬೆಂಗಳೂರು) – ಸಂಜೆ 6:30

ಜೂನಿನಲ್ಲಿ ನಾಲ್ಕು ಜನ ಕೊಡಚಾದ್ರಿಗೆ ಬರುತ್ತಿದ್ದೇವೆ. ಉಪ್ಪು ತಂದರೆ ಸಾಕಾ?

ಸೊಪ್ಪಿನಬೆಟ್ಟ (ಹೊಸನಗರ) – 7:00

ಉಪ್ಪಿನ ಗಂಟನ್ನು ಕೋಲಿಗೆ ಕಟ್ಟಿಕೊಂಡು ಒದ್ದೆ ಮಾಡಿ ಮುಟ್ಟಿಸುವುದು ನಮ್ಮ ಹಳೇ ಕ್ರಮ. ಕೆಲವರು ಹೊಗೆಸೊಪ್ಪು, ಸುಣ್ಣ ಅರೆದು ಕಾಲಿಗೆ ಹಚ್ಚುತ್ತಾರೆ. ನಾನು ಕೊಬ್ಬರಿ ಎಣ್ಣೆಗೆ ಬೇವಿನೆಣ್ಣೆ ಸೇರಿಸಿ ಹಚ್ಚಿಕೊಳ್ಳುತ್ತೇನೆ. ಮಳೆ ಜೋರಾದರೆ ಎಲ್ಲ ತೊಳೆದು ಹೋಗುತ್ತದೆ, ಮತ್ತೆ ಹಚ್ಚಬೇಕು.

ನರ್ಸಕ್ಕ (ಸಾಗರ) – 7:35

ಕಚ್ಚಿಕೊಂಡ ಮೇಲೆ ಉಪ್ಪು, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಇದನ್ನು ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ. ಉಪ್ಪು ಹಾಕಿದರೆ ಅದು ಬಿಡುತ್ತದೆ, ನಿಜ. ಆದರೆ ಬಿಡುವ ಮೊದಲು ಹೊಟ್ಟೆಯಲ್ಲಿ ಇರುವುದನ್ನು ಗಾಯದ ಒಳಗೇ ಕಕ್ಕಬಹುದು. ಆ ಬ್ಯಾಕ್ಟೀರಿಯಾ ಎಲ್ಲ ನಿಮ್ಮ ಗಾಯಕ್ಕೆ ಬಂತು. ಆಮೇಲೆ ತುರಿಕೆ, ಕೀವು.

ಸುಲಭದ ಕ್ರಮ ಇದೆ. ಸಪೂರ ತುದಿ ಇದೆಯಲ್ಲ, ಅದು ಬಾಯಿ. ಚರ್ಮಕ್ಕೆ ಉಗುರು ಒತ್ತಿ ಹಿಡಿದು, ಆ ತುದಿಯ ಅಡಿಗೆ ಪಕ್ಕದಿಂದ ಜಾರಿಸಿ. ಬಾಯಿ ಬಿಡುತ್ತದೆ. ಆಮೇಲೆ ಹಾಗೇ ದಪ್ಪ ತುದಿಯನ್ನೂ ಬಿಡಿಸಿ ಎಸೆಯಿರಿ. ಜಗ್ಗಿ ಎಳೆಯಬೇಡಿ. ಸೋಪು ನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ತಕ್ಷಣ ನಿಲ್ಲುವುದಿಲ್ಲ, ಕೆಲವೊಮ್ಮೆ ಗಂಟೆಗಟ್ಟಲೆ ಜಿನುಗುತ್ತದೆ. ಹೆದರಬೇಡಿ. ಆದರೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಹುಷಾರು. ನನ್ನ ಮಾವನಿಗೆ ಒಮ್ಮೆ ಬೆಳಿಗ್ಗೆ ಕಚ್ಚಿದ್ದು ಸಂಜೆ ತನಕ ಸೋರುತ್ತಿತ್ತು, ಮೂರು ಸಲ ಬಟ್ಟೆ ಬದಲಾಯಿಸಿದೆವು.

ಪುಟ್ಟಹಕ್ಕಿ – 7:41

ಅಕ್ಕ, ಇಂಬಳ ಕಚ್ಚಿದರೆ ಮಂಗನ ಕಾಯಿಲೆ ಬರುತ್ತದಾ? ನಮ್ಮನೆ ಕೆಲಸಕ್ಕೆ ಬರುವವರು ಹಾಗೆ ಹೇಳಿ ಹೆದರಿದ್ದಾರೆ.

ನರ್ಸಕ್ಕ (ಸಾಗರ) – 8:10

ಇಲ್ಲ. ಮಂಗನ ಕಾಯಿಲೆ ಬರುವುದು ಉಣುಗಿನಿಂದ (ಉಣ್ಣೆ ಹುಳ). ಇದನ್ನು ದಯವಿಟ್ಟು ಎಲ್ಲರಿಗೂ ತಿಳಿಸಿ, ಯಾಕೆಂದರೆ ಎರಡೂ ಗೊಂದಲ ಆದರೆ ಜನ ತಪ್ಪು ಕಾಲದಲ್ಲಿ ಹೆದರುತ್ತಾರೆ, ಹೆದರಬೇಕಾದ ಕಾಲದಲ್ಲಿ ಸುಮ್ಮನಿರುತ್ತಾರೆ.

ಇಂಬಳ ಮಳೆಗಾಲದ್ದು. ಉಣುಗಿನ ಮರಿಗಳ ಕಾಟ ಮಳೆ ನಿಂತ ಮೇಲೆ. ಡಿಸೆಂಬರಿನಿಂದ ಮೇ ತನಕ ಕಾಯಿಲೆ ಜಾಸ್ತಿ. ಅಂದರೆ ಇಂಬಳ ನೆಲದೊಳಗೆ ಮಲಗಿದಾಗ ಉಣುಗು ದರಗಿನ ಮೇಲೆ ಎದ್ದಿರುತ್ತದೆ. ಅದು ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಈ ವೈರಸ್ ಮೊದಲು ಗೊತ್ತಾಯಿತು. ಅದಕ್ಕೇ ಪ್ರಪಂಚದ ಎಲ್ಲ ಪುಸ್ತಕದಲ್ಲೂ ಇದಕ್ಕೆ ಕ್ಯಾಸನೂರು ಕಾಯಿಲೆ ಎಂದೇ ಹೆಸರು. ದರಗು ತರಲು ಬೆಟ್ಟಕ್ಕೆ ಹೋಗುವವರು ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದ ತಕ್ಷಣ ಬಿಸಿನೀರಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಈಗ ಏಪ್ರಿಲ್, ಇನ್ನೂ ಕಾಲ ಮುಗಿದಿಲ್ಲ.

ಕೊಟ್ಟಿಗೆಮನೆ (ಸೊರಬ) – ಏಪ್ರಿಲ್ 22, ಬೆಳಿಗ್ಗೆ 6:20

ನರ್ಸಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ನನ್ನದೊಂದು ಅನುಭವ. ಮೂರು ವರ್ಷದ ಹಿಂದೆ ನಮ್ಮ ಕೌಲಿ ದನದ ಮೂಗಿನಿಂದ ರಕ್ತ. ಒಂದೇ ಹೊಳ್ಳೆ. ಮೇವು ಬಿಟ್ಟಿತು, ತಲೆ ಕೊಡವುತ್ತಿತ್ತು. ಒಬ್ಬರು ಬಂದು ನೆಗಡಿ ಎಂದು ಇಂಜೆಕ್ಷನ್ ಕೊಟ್ಟು ಹೋದರು. ಕಡಿಮೆ ಆಗಲಿಲ್ಲ. ಹಳ್ಳದ ನೀರು ಕುಡಿಯುವಾಗ ಮೂಗಿಗೆ ಜಿಗಣೆ ಹೊಕ್ಕಿದೆ ಎಂದು ಅಮ್ಮ ಹೇಳಿದರು. ಮಾರನೇ ದಿನ ಬೆಳಗಿನಿಂದ ದನಕ್ಕೆ ನೀರು ತೋರಿಸಲಿಲ್ಲ. ಮಧ್ಯಾಹ್ನ ಬಕೆಟಿನಲ್ಲಿ ತಣ್ಣೀರು ತಂದು ಮೂಗಿನ ಹತ್ತಿರ ಹಿಡಿದುಕೊಂಡು ಕೂತೆವು. ಐದು ನಿಮಿಷ ಆಗಿರಬಹುದು. ಹೊಳ್ಳೆಯಿಂದ ಕಪ್ಪಗೆ ಒಂದು ತುದಿ ಇಣುಕಿತು. ಅಮ್ಮ ಒಣಬಟ್ಟೆ ಸುತ್ತಿದ ಬೆರಳಲ್ಲಿ ಗಪ್ಪನೆ ಹಿಡಿದು ಎಳೆದರು. ನನ್ನ ಕಿರುಬೆರಳಿಗಿಂತ ಉದ್ದ ಇತ್ತು! ಸಂಜೆಗೆ ದನ ಹುಲ್ಲು ತಿಂದಿತು.

ಇದು ಯಾವ ಜಾತಿ? ಯಾಕೆ ಮೂಗಿಗೇ ಹೋಗುತ್ತದೆ?

ಮುಜಂಟಿ (ಶಿವಮೊಗ್ಗ) – 7:15

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅದು ಬಹುಶಃ ಡಿನೋಬ್ಡೆಲ್ಲಾ ಫೆರಾಕ್ಸ್. ದನದ ಮೂಗಿನ ಜಿಗಣೆ ಎಂದೇ ಅದಕ್ಕೆ ಹೆಸರು. ಮರಿ ಇದ್ದಾಗ ಹಳ್ಳದ ನೀರಿನ ಮೇಲ್ಭಾಗದಲ್ಲಿ ಇರುತ್ತದೆ. ದನ ನೀರಿಗೆ ಮೂತಿ ಇಟ್ಟ ತಕ್ಷಣ ಒಳಗೆ ಹೊಕ್ಕು, ಮೂಗು ಗಂಟಲಿನ ಮೆತ್ತನೆ ಭಾಗಕ್ಕೆ ಅಂಟಿಕೊಳ್ಳುತ್ತದೆ. ಅಲ್ಲೇ ವಾರಗಟ್ಟಲೆ ರಕ್ತ ಕುಡಿದು ದೊಡ್ಡದಾಗುತ್ತದೆ. ಮಂಗ, ನಾಯಿಗೂ ಹೋಗುತ್ತದೆ. ಅಪರೂಪಕ್ಕೆ ಹಳ್ಳಕ್ಕೆ ಬಾಯಿ ಹಚ್ಚಿ ಕುಡಿಯುವ ಮನುಷ್ಯರಿಗೂ. ನೀರಿನ ಆಸೆ ತೋರಿಸಿ ಹೊರಗೆ ಕರೆಯುವುದು ಬಹಳ ಕಡೆ ಇರುವ ಕ್ರಮ.

ಬಸ್ಸಿನ ಕಿಟಕಿ (ಬೆಂಗಳೂರು) – 9:00

ಓದಿ ಮೈ ಜುಂ ಅಂದಿತು. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಂಥ ಹುಳ ಇರುವುದರಿಂದ ಉಪಯೋಗ ಏನು? ಔಷಧಿ ಹೊಡೆದು ತೆಗೆದುಬಿಟ್ಟರೆ ಆಗುವುದಿಲ್ಲವಾ?

ಗುಡ್ಡೆಮನೆ (ಶಿರಸಿ) – 9:12

ಸ್ವಾಮಿ, ನಮಗೆ ಉಪಯೋಗ ಇಲ್ಲದ್ದೆಲ್ಲ ಇರಬಾರದಾ? ತೋಟಕ್ಕೆ ಕಳೆನಾಶಕ ಹೊಡೆಯಲು ಶುರು ಮಾಡಿದ ಮನೆಗಳಲ್ಲಿ ನೋಡಿದ್ದೇನೆ. ಮೊದಲು ಎರೆಹುಳು ಹೋಯಿತು, ಆಮೇಲೆ ಕಪ್ಪೆ, ಆಮೇಲೆ ಉಂಬಳ. ಉಂಬಳ ಹೋಯಿತು ಎಂದು ಖುಷಿಪಟ್ಟರು. ಎರಡೇ ವರ್ಷಕ್ಕೆ ಮಣ್ಣು ಕಲ್ಲಿನ ಹಾಗಾಯಿತು.

ಮುಜಂಟಿ (ಶಿವಮೊಗ್ಗ) – 10:20

ಕಿಟಕಿ ಸಾರ್, ಗುಡ್ಡೆಮನೆಯವರ ಸಿಟ್ಟು ನನಗೂ ಇದೆ. ಆದರೂ ಉಪಯೋಗ ಕೇಳಿದಿರಲ್ಲ, ಅದನ್ನೂ ಹೇಳುತ್ತೇನೆ.

ಗಾಯದ ರಕ್ತ ಯಾಕೆ ನಿಲ್ಲುವುದಿಲ್ಲ ಎಂದು 1884ರಲ್ಲಿ ಬ್ರಿಟನ್ನಿನ ಜಾನ್ ಹೇಕ್ರಾಫ್ಟ್ ಪರೀಕ್ಷೆ ಮಾಡಿದರು. ಜಿಗಣೆಯ ತಲೆ ಭಾಗದ ರಸದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ವಸ್ತು ಇದೆ ಎಂದು ಕಂಡುಹಿಡಿದರು. ಆಮೇಲೆ ಅದಕ್ಕೆ ಹಿರುಡಿನ್ ಎಂಬ ಹೆಸರು ಬಂತು. ನಮ್ಮ ರಕ್ತದಲ್ಲಿ ಥ್ರಾಂಬಿನ್ ಎಂಬುದೊಂದು ಇದೆ, ಹೆಪ್ಪು ಹಾಕುವ ಕೆಲಸ ಅದರದ್ದು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಹಿರುಡಿನ್ ಹೋಗಿ ಆ ಥ್ರಾಂಬಿನ್ನನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹೃದಯದ ರಕ್ತನಾಳ ಬಿಡಿಸುವಾಗ ಕೊಡುವ ಬೈವಲಿರುಡಿನ್ ಎಂಬ ಔಷಧಿ ಇದೆ, ಅದು ಈ ಹಿರುಡಿನ್ ನೋಡಿಯೇ ತಯಾರಾಗಿದ್ದು. ಅದೆಲ್ಲ ನೀರಿನ ಜಿಗಣೆಯಿಂದ ಶುರುವಾದದ್ದು. ನಮ್ಮ ಇಂಬಳದ ಗುಂಪಿನ ಹೀಮಾಡಿಪ್ಸಾ ಸಿಲ್ವೆಸ್ಟ್ರಿಸ್‌ನಿಂದ 1993ರಲ್ಲಿ ಇನ್ನೊಂದು ಅಂಥದೇ ವಸ್ತು ಪ್ರತ್ಯೇಕಿಸಿದರು. ಅದರ ಹೆಸರು ಹೀಮಾಡಿನ್. ನಿಮ್ಮ ಕಾಲಿನಿಂದ ರಕ್ತ ಸೋರುವುದು ಇಂಥ ವಸ್ತುಗಳಿಂದಲೇ.

ಇನ್ನೊಂದು ಉಪಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಇಂಬಳದ ಹೊಟ್ಟೆಯಲ್ಲಿ ರಕ್ತ ತಿಂಗಳುಗಟ್ಟಲೆ ಇರುತ್ತದೆ ಅಂದೆನಲ್ಲ. ಆ ರಕ್ತದಲ್ಲಿ ಯಾವ ಪ್ರಾಣಿಯದ್ದು ಎಂಬ ಗುರುತು, ಡಿಎನ್ಎ, ಹಾಗೇ ಉಳಿದಿರುತ್ತದೆ. ಜಿಗಣೆಗೆ ಆಡಿನ ರಕ್ತ ಕುಡಿಸಿ ನೋಡಿದಾಗ ನಾಲ್ಕು ತಿಂಗಳ ಮೇಲೂ ಗುರುತು ಸಿಕ್ಕಿದೆ. ವಿಯೆಟ್ನಾಂ ಕಾಡಿನ 25 ಇಂಬಳ ಪರೀಕ್ಷಿಸಿದಾಗ 21ರಲ್ಲಿ ಕಾಡುಪ್ರಾಣಿಗಳ ಡಿಎನ್ಎ ಸಿಕ್ಕಿತು. ಅದರಲ್ಲಿ ಒಂದು ಅಪರೂಪದ ಪಟ್ಟೆ ಮೊಲದ್ದು. ಆ ಮೊಲ ಹುಡುಕಲು ಎರಡು ಸಾವಿರ ರಾತ್ರಿ ಕ್ಯಾಮೆರಾ ಇಟ್ಟಿದ್ದರೂ ಸಿಕ್ಕಿರಲಿಲ್ಲ. ಈ ಕೆಲಸ ಪ್ರಕಟವಾಗಿದ್ದು 2012ರಲ್ಲಿ. ನಮ್ಮ ಕಾಡಿನ ಒಂದೊಂದು ಇಂಬಳದ ಹೊಟ್ಟೆಯಲ್ಲೂ ಕಡವೆ, ಬರ್ಕ, ಕಾಡುಹಂದಿ ಯಾವುದು ಓಡಾಡಿತ್ತು ಎಂಬ ಲೆಕ್ಕ ಇದೆ. ಔಷಧಿ ಹೊಡೆದರೆ ಆ ಲೆಕ್ಕವೂ ಹೋಯಿತು.

ಬಸ್ಸಿನ ಕಿಟಕಿ (ಬೆಂಗಳೂರು) – 10:45

ಒಪ್ಪಿದೆ. ಕೇಳಿದ್ದು ಒಳ್ಳೆಯದಾಯಿತು. ಉಪ್ಪು ಬಿಟ್ಟು ಲೀಚ್ ಸಾಕ್ಸ್ (ಇಂಬಳ ತಡೆಯುವ ಕಾಲುಚೀಲ) ತರುತ್ತೇನೆ.

ಕೆರೆಏರಿ (ಶಿಕಾರಿಪುರ) – 11:30

ನಮ್ಮ ಆಯುರ್ವೇದದಲ್ಲಿ ಇದೆಲ್ಲ ಮೊದಲೇ ಇತ್ತು. ಸುಶ್ರುತ ಜಿಗಣೆಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಹನ್ನೆರಡು ಬಗೆ, ಆರು ವಿಷದವು, ಆರು ವಿಷ ಇಲ್ಲದವು.

ಶರಾವತಿ ತೀರ (ಸಾಗರ) – 11:52

ಹೌದು, ಜಲೌಕ ಎಂದು ಹೆಸರು. ಹಿಡಿಯುವುದು ಹೇಗೆ, ಎಲ್ಲಿ ಸಾಕಬೇಕು, ಕುಡಿದ ಮೇಲೆ ಹೇಗೆ ಕಕ್ಕಿಸಬೇಕು, ಎಲ್ಲ ಇದೆ. ಈಗಿನ ಆಸ್ಪತ್ರೆಗಳಲ್ಲೂ ತುಂಡಾದ ಬೆರಳು ಮತ್ತೆ ಜೋಡಿಸಿದಾಗ, ಅಲ್ಲಿ ರಕ್ತ ಕಟ್ಟಿಕೊಳ್ಳದ ಹಾಗೆ ಜಿಗಣೆ ಬಿಡುತ್ತಾರೆ. ಅಮೆರಿಕದ ಔಷಧ ಇಲಾಖೆ 2004ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ಯಾರೂ ಮನೆಯಲ್ಲಿ ಕೆರೆ ಜಿಗಣೆ ತಂದು ಪ್ರಯೋಗ ಮಾಡಬೇಡಿ. ಅವರು ಬಳಸುವುದು ಶುದ್ಧ ಜಾಗದಲ್ಲಿ ಸಾಕಿದ್ದು.

ಪುಟ್ಟಹಕ್ಕಿ – ಮಧ್ಯಾಹ್ನ 12:30

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಮಲಗುವುದು ಇಂಬಳ ಒಂದೇನಾ? ನಮ್ಮ ಬಾವಿಕಟ್ಟೆ ಹತ್ತಿರ ಹಳದಿ ಕಪ್ಪೆಗಳು ಮೊದಲ ದೊಡ್ಡ ಮಳೆಗೆ ಮಾತ್ರ ಬರುತ್ತವೆ.

ಸೊಪ್ಪಿನಬೆಟ್ಟ (ಹೊಸನಗರ) – 1:05

ಅದು ಗ್ವಾಂಕರು ಕಪ್ಪೆ. ಅದೂ ಮಣ್ಣಿನೊಳಗೇ ಇರುತ್ತದೆ. ಮಳೆ ಬಂದಾಗ ಗಂಡು ಲಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಗಂಟಲ ಪಕ್ಕದ ಚೀಲ ನೀಲಿ. ಬೆದೆ ಕಾಲ ಮುಗಿದ ಮೇಲೆ ಮತ್ತೆ ಮಣ್ಣಿನ ಬಣ್ಣ. ಬಸವನಹುಳು ಇನ್ನೊಂದು. ಚಿಪ್ಪಿನ ಬಾಯಿಗೆ ಲೋಳೆಯಲ್ಲೇ ಮುಚ್ಚಳ ಮಾಡಿ ಒಳಗೆ ಸೇರಿಕೊಳ್ಳುತ್ತದೆ.

ಗುಡ್ಡೆಮನೆ (ಶಿರಸಿ) – 1:30

ಕಪ್ಪೆ ಅಂದರೆ ಕುಂಬಾರ ಕಪ್ಪೆ ಹೇಳಬೇಕು. ನಮ್ಮ ಸಿದ್ದಾಪುರದ ಕತ್ತಲೆಕಾನಿನ ಕಡೆಯದು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಹಳ್ಳದ ತಳದಿಂದ ಕೈಯಲ್ಲಿ ಕೆಸರು ತಂದು, ಮೊಟ್ಟೆಗೆ ಮೆತ್ತುತ್ತದೆ. ಕುಂಬಾರ ಮಡಕೆಗೆ ಮೆತ್ತಿದ ಹಾಗೆ. ಕೆ.ವಿ. ಗುರುರಾಜ ಮತ್ತು ಜೊತೆಯವರು 2014ರಲ್ಲಿ ಇದನ್ನು ಹೊಸ ಜಾತಿ ಎಂದು ತೋರಿಸಿ, ಕುಂಬಾರ ಎಂದೇ ಹೆಸರಿಟ್ಟರು. ವಿಜ್ಞಾನದ ಹೆಸರಿನಲ್ಲಿ ಕನ್ನಡದ ಶಬ್ದ!

ಹಾಳೆಟೋಪಿ (ತೀರ್ಥಹಳ್ಳಿ) – 2:10

ಕಪ್ಪೆಗೆ ಬೇರೆ ಚರ್ಚೆ ಶುರು ಮಾಡೋಣ, ನನಗೂ ಆಸೆ ಇದೆ. ಈಗ ಅಜ್ಜನ ಮಾತಿಗೆ ಬರುತ್ತೇನೆ. ಯಾವ ಜಿಗಣೆಯೂ ಸತ್ತ ಹಾಗೆ ಆಗಿ ಮತ್ತೆ ಎದ್ದಿದ್ದು ಇಲ್ಲವಾ?

ಮುಜಂಟಿ (ಶಿವಮೊಗ್ಗ) – 2:55

ಒಂದು ಇದೆ. ಪೂರ್ವ ಏಷ್ಯಾದಲ್ಲಿ ಸಿಹಿನೀರಿನ ಆಮೆ ಮೇಲೆ ಬದುಕುವ ಒಂದು ಪುಟ್ಟ ಜಿಗಣೆ, ಓಝೋಬ್ರಾಂಕಸ್. ಜಪಾನಿನ ಸಂಶೋಧಕರು ಅದನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ 24 ಗಂಟೆ ಮುಳುಗಿಸಿಟ್ಟರು. ಹೊರಗೆ ತೆಗೆದು ಕರಗಿಸಿದ ಮೇಲೆ ಅದು ನಡೆಯಿತು. ಮೈನಸ್ 90 ಡಿಗ್ರಿಯಲ್ಲಿ 32 ತಿಂಗಳು ಇಟ್ಟಿದ್ದವೂ ಬದುಕಿದವು. ಅದು ಇರುವ ಊರಿನಲ್ಲಿ ಅಂಥ ಚಳಿ ಯಾವತ್ತೂ ಬರುವುದಿಲ್ಲ. ಆದರೂ ಆ ಶಕ್ತಿ ಇದೆ. ನನಗೆ ಇದು ಓದಿದಾಗ ಎರಡು ದಿನ ಬೇರೆ ಯೋಚನೆಯೇ ಬರಲಿಲ್ಲ.

ನಮ್ಮ ಇಂಬಳ ಹಾಗಲ್ಲ. ಪೂರ್ತಿ ಒಣಗಿದರೆ ಸಾಯುತ್ತದೆ. ಅದಕ್ಕೆ ಗೊತ್ತಿರುವುದು ತೇವ ಹುಡುಕುವುದು, ಕಾಯುವುದು.

ಸೊಪ್ಪಿನಬೆಟ್ಟ (ಹೊಸನಗರ) – 4:00

ತಮ್ಮ, ಇಷ್ಟು ಮಾತು ಯಾಕೆ. ಈಗ ಮತ್ತೆ ಒಣ ಹವೆ ಬಂದಿದೆ. ಹತ್ತು ದಿನ ಬಿಟ್ಟು ಮಗಳನ್ನು ಕರೆದುಕೊಂಡು ತೋಟಕ್ಕೆ ಹೋಗಿ. ಹಳೇ ಅಡಿಕೆ ಹಾಳೆ ರಾಶಿ, ಕಪ್ಪಿನ ಅಂಚು, ಬಚ್ಚಲು ನೀರು ಹೋಗುವ ಜಾಗ, ಇಷ್ಟು ಕಡೆ ನಿಧಾನ ಬಿಡಿಸಿ ನೋಡಿ. ಹಾರೆ ಬೇಡ, ಕೈಯಲ್ಲೇ. ಹಾವು ಇರಬಹುದು, ಮೊದಲು ಕೋಲಿನಲ್ಲಿ ಬಡಿದು ನೋಡಿ.

ನರ್ಸಕ್ಕ (ಸಾಗರ) – 4:12

ಕಾಲಿಗೆ ಎಣ್ಣೆ ಹಚ್ಚಿಕೊಂಡು. ಉಣುಗು!

ಹಾಳೆಟೋಪಿ (ತೀರ್ಥಹಳ್ಳಿ) – ಮೇ 4, ಸಂಜೆ 6:50

ಹೋಗಿ ಬಂದೆವು.

ಹನ್ನೊಂದು ದಿನ ಹನಿ ಮಳೆ ಇಲ್ಲ. ತೋಟದ ಮೇಲ್ಮಣ್ಣು ಪುಡಿ ಪುಡಿ. ಹಾಳೆ ರಾಶಿ ಪೂರ್ತಿ ಬಿಡಿಸಿದೆವು. ಚೇಳುಮರಿ, ಜರಿ, ಸಹಸ್ರಪದಿ ಸಿಕ್ಕವು, ಇಂಬಳ ಇಲ್ಲ. ಕಪ್ಪಿನ ಅಂಚಿನಲ್ಲೂ ಇಲ್ಲ. ಮಗಳಿಗೆ ಬೇಜಾರಾಯಿತು. ವಾಪಸ್ ಬರುವಾಗ ಬಚ್ಚಲು ನೀರು ಹೋಗುವ ಕಡೆ ಒಂದು ಕೊಳೆತ ಹಲಸಿನ ದಿಮ್ಮಿ ಬಿದ್ದಿತ್ತು. ಅದನ್ನು ಹೊರಳಿಸಿದೆ. ಅಡಿಯ ಮಣ್ಣು ಕಪ್ಪಗೆ, ತಂಪಾಗಿತ್ತು. ಮೊದಲು ಏನೂ ಕಾಣಲಿಲ್ಲ. "ಅಪ್ಪಯ್ಯ, ಇದು ಬೇರಾ?" ಎಂದು ತೋರಿಸಿದಳು. ತೊಗಟೆಯ ಸಂದಿಯಲ್ಲಿ ಎರಡು. ಕಂದು ಬಣ್ಣ, ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ, ಮುದುಡಿಕೊಂಡಿದ್ದವು. ಮುಟ್ಟಿದರೂ ಅಲುಗಲಿಲ್ಲ.

ಸೊಪ್ಪಿನಬೆಟ್ಟದ ಅಣ್ಣ ಹೇಳಿದ ಹಾಗೆ ಹತ್ತಿರ ಬಗ್ಗಿ ಉಸಿರು ಊದಿದೆ. ಒಂದು, ಎರಡು, ಮೂರು ಸಲ. ಒಂದು ನಿಧಾನ ಉದ್ದವಾಯಿತು. ತುದಿ ಎತ್ತಿ ನನ್ನ ಮುಖದ ಕಡೆಗೇ ತಿರುಗಿತು. ಅಜ್ಜ ಇದ್ದಿದ್ದರೆ ಕರೆದು ತೋರಿಸಬಹುದಿತ್ತು.

ಶರಾವತಿ ತೀರ (ಸಾಗರ) – 7:05

ಮಗಳು ಏನಂದಳು?

ಹಾಳೆಟೋಪಿ (ತೀರ್ಥಹಳ್ಳಿ) – 7:20

"ಅದಕ್ಕೆ ಹಸಿವಾಗಿದೆ, ಪಾಪ" ಅಂದಳು. ದಿಮ್ಮಿ ಇದ್ದ ಹಾಗೇ ಮುಚ್ಚಿ ಬರಬೇಕು ಎಂದು ಹಟ ಮಾಡಿದಳು. ಮುಚ್ಚಿ, ಮೇಲೆ ಎರಡು ಚೊಂಬು ನೀರು ಹಾಕಿ ಬಂದೆವು.

ಕಂಬಳಿಕೊಪ್ಪೆ (ಆಗುಂಬೆ) – ಜೂನ್ 9, ಬೆಳಿಗ್ಗೆ 6:15

ಇಲ್ಲಿ ಮೂರು ದಿನದಿಂದ ಬಿಡದ ಮಳೆ. ಕಾಡಂಚಿನ ಎಲೆ ಮೇಲೆಲ್ಲ ಎದ್ದು ನಿಂತಿವೆ. ಇವತ್ತು ಒಂದೂವರೆ ಗಂಟೆ ಮೊಬೈಲ್ ಹಿಡಿದುಕೊಂಡು ಕೂತಿದ್ದೆ. ಒಂದೂ ಹಾರಲಿಲ್ಲ. ಕಾಲಿಗೆ ಹದಿನಾರು ಹತ್ತಿದವು. ನಾಳೆ ಮತ್ತೆ ಹೋಗುತ್ತೇನೆ.